ಡಿಪಾಸಿಟ್ ಕಟ್ಟೋ ಮೊದಲು ಇದನ್ನು ಓದು

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅನ್ನಿಸಿತು. ಮಾಡಲಿಲ್ಲ. ಮಾಡಿದ್ದರೆ ಇಬ್ಬರೂ ಅದನ್ನೇ ಹಿಡಿದು ಎಳೆದಾಡುತ್ತಿದ್ದೆವು. ಯಾರು ಏನಂದರು ಅಂತ ಇಲ್ಲಿ ಬರೆಯಲ್ಲ, ಇಬ್ಬರಿಗೂ ನೆನಪಿದೆ. ನನ್ನ ಧ್ವನಿ ಏರಿದ್ದಕ್ಕೆ ನಿನಗೆ ನೋವಾಗಿದೆ ಅಂತ ಗೊತ್ತು, ನನಗೂ ಬೇಜಾರಿದೆ. ಆದರೆ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. ನೀನು ಸೇರಬೇಕು ಅಂತಿರೋ ಆ ಮಾಸ್ಟರ್ಸ್ ಕೋರ್ಸಿನಲ್ಲಿ ಏನು ಕಲಿಸುತ್ತಾರೆ? "ಡಿಜಿಟಲ್ ಮಾರ್ಕೆಟಿಂಗ್ ಅಂಡ್ ಅನಾಲಿಟಿಕ್ಸ್ ಅವ್ವ, ಹೆಸರಲ್ಲೇ ಇದೆಯಲ್ಲ" ಅಂದೆ. ನನಗೆ ಅಷ್ಟು ಉತ್ತರ ಸಾಲದು.

ಸೀಟು ಹಿಡಿದಿಡೋಕೆ ಈ ತಿಂಗಳ ಕೊನೆಗೆ ಡಿಪಾಸಿಟ್ ಕಟ್ಟಬೇಕು ಅಂದೆಯಲ್ಲ, ಆ ಇಂಗ್ಲೆಂಡಿನ ಕೋರ್ಸಿನ ಪುಟ ತೆಗೆದು ಪೂರ್ತಿ ಓದಿದೆ. ಸಂಜೆ ಸೊಸೈಟಿಯಲ್ಲಿ ಕ್ಯಾಶ್ ಟ್ಯಾಲಿ ಆದ ಮೇಲೆ ಕೂತು ಓದಿದ್ದು. ನಿಧಾನ ಓದಿದರೆ ಇಂಗ್ಲಿಷ್ ನನಗೂ ಅರ್ಥ ಆಗುತ್ತದೆ. ಪಟ್ಟಿಯ ತುಂಬಾ ಬ್ರ್ಯಾಂಡ್, ಸ್ಟ್ರಾಟಜಿ, ಕಂಟೆಂಟ್, ಸೋಷಿಯಲ್ ಮೀಡಿಯಾ. ಅನಾಲಿಟಿಕ್ಸ್ ಅಂತ, ಅಂದರೆ ಅಂಕಿಅಂಶ ಹಿಡಿದು ಏನಾಗುತ್ತಿದೆ ಅಂತ ತಿಳಿಯೋ ವಿದ್ಯೆ, ಇರೋದು ಒಂದೇ ಒಂದು ವಿಷಯ, ಅದೂ ಬೇಕಿದ್ದರೆ ತಗೊಳ್ಳಬಹುದು ಅಂತ. ಸ್ಟ್ಯಾಟಿಸ್ಟಿಕ್ಸ್ ಅನ್ನೋದು ಇಡೀ ಪುಟದಲ್ಲಿ ಎಲ್ಲೂ ಇಲ್ಲ. ಬ್ರ್ಯಾಂಡು, ಕಂಟೆಂಟು ಇದನ್ನೆಲ್ಲ ನೀನು ಬೆಂಗಳೂರಿನ ಏಜೆನ್ಸಿಯಲ್ಲಿ ಸಂಬಳ ತಗೊಂಡು ಮಾಡುತ್ತಿದ್ದೀಯ. ಅದನ್ನೇ ಮತ್ತೆ ಕಲಿಯೋಕೆ 25 ಲಕ್ಷ ಸಾಲ ಮಾಡಿ ಹೋಗಬೇಕಾ?

"ನಿನಗೆ ಇದೆಲ್ಲ ತಿಳಿಯೋದಿಲ್ಲ ಬಿಡು" ಅಂದೆ. ಹೋಗಲಿ. ಆದರೆ ಈ ವಿದ್ಯೆಯನ್ನು ನಾನು ಮೊದಲು ನೋಡಿದ್ದು ನಿನ್ನ ಕೈಯಲ್ಲೇ. ಪಕ್ಕದ ಮನೆ ಕಾಕು ರೊಟ್ಟಿ ಮಾರೋಕೆ ಶುರು ಮಾಡಿದ ವರ್ಷ. ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ನಿನ್ನದು ಡಿಗ್ರಿ ಮೊದಲ ವರ್ಷ, ಕೊರೋನಾ ಕಾಲ, ಕ್ಲಾಸೆಲ್ಲ ಫೋನಿನಲ್ಲೇ. ನೀನು ಅವರಿಗೆ ಇನ್‌ಸ್ಟಾಗ್ರಾಮ್ ಪೇಜ್ ಮಾಡಿಕೊಟ್ಟೆ, ಕಾಕುನ ಮಗ ಅದರಲ್ಲಿ ದಿನಾ 200 ರೂಪಾಯಿ ಜಾಹೀರಾತಿಗೆ ಹಾಕಿದ, ಆರ್ಡರ್ ಬರೋಕೆ ಶುರುವಾದವು. ಎಲ್ಲರಿಗೂ ಖುಷಿ. 500 ಹಾಕೋಣ ಅಂದ ಅವನು. ಆಗ ನೀನೊಬ್ಬಳೇ ಕೇಳಿದ್ದು, "ಇವೆಲ್ಲ ಜಾಹೀರಾತು ನೋಡಿಯೇ ಬಂದವು ಅಂತ ಹೇಗೆ ಗೊತ್ತು?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸೊಸೈಟಿಯವರು ನನಗೆ ಕೊಟ್ಟಿದ್ದ ಡೈರಿ ತಗೊಂಡು, ಸ್ಕೇಲ್ ಇಟ್ಟು ಗೆರೆ ಹೊಡೆದೆ. ಹೆಸರು, ಊರು, ಎಷ್ಟು ರೊಟ್ಟಿ, ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು, ಮತ್ತೆ ತಗೊಂಡರಾ. ಪ್ರತಿ ಪ್ಯಾಕೆಟ್ಟಿನೊಳಗೆ ಒಂದು ಚೀಟಿ ಇಟ್ಟೆ, ಇದನ್ನು ನಿಮ್ಮ ಪರಿಚಯದವರಿಗೆ ಕೊಡಿ, ಅವರು ಫೋನ್ ಮಾಡಿ "ಶೇಂಗಾ" ಅಂದರೆ ಒಂದು ಸಣ್ಣ ಚಟ್ನಿಪುಡಿ ಪ್ಯಾಕೆಟ್ ಫ್ರೀ. ಜಾಹೀರಾತಿನಲ್ಲೂ ಅದೇ ಆಫರ್, ಆದರೆ ಅಲ್ಲಿ ಹೇಳಬೇಕಾದ ಮಾತು "ಗುರೆಳ್ಳು". ಆಮೇಲೆ ಹುಬ್ಬಳ್ಳಿಯಲ್ಲಿ ಜಾಹೀರಾತು ಹಾಗೇ ಇಟ್ಟು, ಬೆಳಗಾವಿಯಲ್ಲಿ ಸ್ವಲ್ಪ ದಿನ ನಿಲ್ಲಿಸಿಬಿಟ್ಟೆ. ಕಾಕುನ ಮಗ ನಮ್ಮನೆ ಬಾಗಿಲಿಗೆ ಬಂದು ಜಗಳ ಆಡಿದ. ಬೆಳಗಾವಿಯ ಆರ್ಡರ್ ಕಮ್ಮಿ ಆಗಲೇ ಇಲ್ಲ. ಅಲ್ಲಿ ರೊಟ್ಟಿ ತಿಂದವರು ಇನ್ನೊಬ್ಬರಿಗೆ ಹೇಳಿ, ಆ ಇನ್ನೊಬ್ಬರು "ಶೇಂಗಾ" ಅಂತ ಫೋನ್ ಮಾಡುತ್ತಿದ್ದರು.

ಅದಕ್ಕಿಂತ ನನಗೆ ಜಾಸ್ತಿ ನೆನಪಿರೋದು ಡೈರಿಯ ಅಂಚಿನಲ್ಲಿ ನೀನು ಪೆನ್ಸಿಲ್ಲಿನಲ್ಲಿ ಹಾಕಿದ ಗುರುತು. ಕೆಲವು ಹೆಸರಿನ ಪಕ್ಕ ಬರೀ "ಮು" ಅಂತ ಬರೆದಿದ್ದೆ. ಏನಿದು ಅಂತ ಕೇಳಿದರೆ, "ರೊಟ್ಟಿ ಮುರಿದಿತ್ತು ಅಂತ ಹೇಳಿದವರು" ಅಂದೆ. ಅದನ್ನು ಬರೆದುಕೋ ಅಂತ ನಿನಗೆ ಯಾರೂ ಹೇಳಿರಲಿಲ್ಲ. "ಮು" ಇದ್ದ ಸಾಲುಗಳನ್ನು ಬೆರಳಿನಿಂದ ತೋರಿಸುತ್ತಾ ಹೋದೆ, "ಮತ್ತೆ ತಗೊಂಡರಾ" ಅನ್ನೋ ಕಾಲಂ ಅಲ್ಲೆಲ್ಲ ಖಾಲಿ. ಜಾಹೀರಾತಿನ ದುಡ್ಡು ಹೋಗಬೇಕಾಗಿದ್ದು ಡಬ್ಬಕ್ಕೆ ಅಂತ ಕಾಕುಗೆ ಹೇಳಿದೆ. ಮೆಡಿಕಲ್ ಶಾಪಿನಿಂದ ಖಾಲಿ ರಟ್ಟಿನ ಡಬ್ಬ ತಂದು ಅಳತೆ ನೋಡಿ, ಕೊನೆಗೆ ಗಟ್ಟಿ ಡಬ್ಬ ಮಾಡಿಸಿದರು. ಇವತ್ತಿಗೂ ಕಾಕು ಅದೇ ಅಳತೆಯ ಡಬ್ಬದಲ್ಲೇ ಕಳಿಸೋದು.

ಪುಟ್ಟಿ, ನಿನಗೆ ಆಗ 18 ವರ್ಷ. ನಾನು ಸೊಸೈಟಿಯಲ್ಲಿ ಇಷ್ಟು ವರ್ಷ ಲೆಕ್ಕ ಬರೆದಿದ್ದೀನಿ, ಲೆಕ್ಕಕ್ಕೆ ಹಾಗೆ ಪ್ರಶ್ನೆ ಕೇಳಿದವರನ್ನು ನೋಡಿಲ್ಲ. ಎದುರಿಗೆ ಹೊಗಳಿದರೆ ದೃಷ್ಟಿ ಆಗುತ್ತೆ ಅಂತ ಅಜ್ಜಿ ಹೇಳುತ್ತಿದ್ದರು, ಅದಕ್ಕೋ ಏನೋ ನಿನಗೆ ಹೇಳಿರಲಿಲ್ಲ. ಆ ರಾತ್ರಿ ಅಪ್ಪನ ಹತ್ತಿರ ಮಾತ್ರ ಹೇಳಿದೆ. ಅವರು ಮರುದಿನ ಆ ಡೈರಿ ತಗೊಂಡು ಹೋಗಿ ತಮ್ಮ ಗೆಳೆಯರಿಗೆಲ್ಲ ತೋರಿಸಿ ಬಂದರು.

ಅದಕ್ಕೇ ನನ್ನ ಹಟ. ನಿನ್ನ ಕೈಯಲ್ಲಿರೋ ಈ ಗುಣವನ್ನು ಗಟ್ಟಿ ಮಾಡುವ ಕೋರ್ಸಿಗೆ ಹೋಗು. ಆಗ ನೀನು ಅಂದಾಜಿನಲ್ಲಿ ಮಾಡಿದ್ದನ್ನು ಸರಿಯಾಗಿ ಮಾಡೋದು ಹೇಗೆ ಅಂತ ಕಲಿಸಬೇಕು. ಎರಡು ಊರನ್ನು ಹೋಲಿಸುವಾಗ ಎಷ್ಟು ದಿನ ನೋಡಬೇಕು, ವ್ಯತ್ಯಾಸ ಬಂದರೆ ಅದು ನಿಜವಾದದ್ದಾ ಸುಮ್ನೆ ಬಂದದ್ದಾ, ಒಬ್ಬ ಗಿರಾಕಿ ನಾಲ್ಕು ಜಾಹೀರಾತು ನೋಡಿ ಕೊಂಡರೆ ಅದರ ಶ್ರೇಯ ಯಾವ ಜಾಹೀರಾತಿಗೆ ಕೊಡಬೇಕು. ಕೊನೆಗೆ ಒತ್ತಿದ ಜಾಹೀರಾತಿಗೇ ಎಲ್ಲ ಶ್ರೇಯ ಕೊಡುತ್ತಾರೆ, ಅದು ಅನ್ಯಾಯ ಅಂತ ನೀನೇ ಒಂದು ಸಲ ಬಸ್ಸಿನಲ್ಲಿ ಧಾರವಾಡದಿಂದ ಹಾವೇರಿ ಬರೋವರೆಗೂ ಹೇಳಿದ್ದೆ. ಡೇಟಾ ಲೆಕ್ಕ ಮಾಡೋ ಕಂಪ್ಯೂಟರ್ ಭಾಷೆಗಳಾದ ಎಸ್‌ಕ್ಯೂಎಲ್, ಆರ್ ಅಥವಾ ಪೈಥಾನ್, ಸ್ಟ್ಯಾಟಿಸ್ಟಿಕ್ಸ್, ಪ್ರಯೋಗ ಮಾಡೋ ವಿಧಾನ, ಒಬ್ಬ ಗಿರಾಕಿ ವರ್ಷಗಟ್ಟಲೆ ಎಷ್ಟು ದುಡ್ಡು ತಂದುಕೊಡುತ್ತಾನೆ ಅನ್ನೋ ಲೆಕ್ಕ, ಕೊನೆಗೆ ಒಂದು ಕಂಪನಿಯ ನಿಜವಾದ ಡೇಟಾ ಹಿಡಿದು ಮಾಡುವ ಪ್ರಾಜೆಕ್ಟ್. ಇವು ಕಡ್ಡಾಯ ವಿಷಯಗಳ ಪಟ್ಟಿಯಲ್ಲಿ ಇರಬೇಕು. ಆಪ್ಷನಲ್‌ನಲ್ಲಿ ಇದ್ದರೆ ಆ ವರ್ಷ ನಡೆಸುತ್ತಾರೋ ಇಲ್ಲವೋ ಯಾರಿಗೆ ಗೊತ್ತು.

ಟೂಲ್ ಕಲಿಸುತ್ತೀವಿ ಅನ್ನೋ ಮಾತಿಗೆ ಬೀಳಬೇಡ. ಡಿಗ್ರಿಯಲ್ಲಿದ್ದಾಗ ರಾತ್ರಿ ಕೂತು, ವೆಬ್‌ಸೈಟಿಗೆ ಎಷ್ಟು ಜನ ಬಂದರು ಅಂತ ಎಣಿಸೋ ಗೂಗಲ್ ಅನಾಲಿಟಿಕ್ಸ್ ಕಲಿತೆಯಲ್ಲ, ಆ ಹಳೇದು 2023ರ ಜುಲೈ 1ಕ್ಕೆ ಲೆಕ್ಕ ಹಿಡಿಯೋದನ್ನೇ ನಿಲ್ಲಿಸಿತು. ಹೊಸದರಲ್ಲಿ ಎಣಿಸೋ ಕ್ರಮವೇ ಬೇರೆ ಅಂತ ನೀನೇ ತಲೆ ಚಚ್ಚಿಕೊಂಡಿದ್ದೆ. 2021ರ ಏಪ್ರಿಲ್‌ನಲ್ಲಿ ಐಫೋನಿನವರು "ನಿಮ್ಮನ್ನು ಹಿಂಬಾಲಿಸಬಹುದಾ" ಅಂತ ಬಳಸುವವರನ್ನೇ ಕೇಳೋಕೆ ಶುರು ಮಾಡಿದ ಮೇಲೆ ಜಾಹೀರಾತಿನವರಿಗೆ ಎಷ್ಟೋ ಮಾಹಿತಿ ಸಿಗದೇ ಹೋಯ್ತು. ಕ್ರೋಮ್‌ನಲ್ಲಿ ಥರ್ಡ್ ಪಾರ್ಟಿ ಕುಕೀ, ಅಂದರೆ ಒಂದು ವೆಬ್‌ಸೈಟಿನಿಂದ ಇನ್ನೊಂದಕ್ಕೆ ಜನರನ್ನು ಹಿಂಬಾಲಿಸೋ ಗುರುತು, ತೆಗೆಯುತ್ತೀವಿ ಅಂತ ಗೂಗಲ್ 2020ರಲ್ಲಿ ಹೇಳಿತು, ಮುಂದಕ್ಕೆ ಹಾಕುತ್ತಾ ಹೋಯಿತು, 2025ರಲ್ಲಿ ಹಾಗೇ ಇರಲಿ ಅಂತ ಬಿಟ್ಟಿತು. ಟೂಲುಗಳ ಗತಿ ಇಷ್ಟೇ. ನಮ್ಮ ದೇಶದಲ್ಲೂ 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂದಿದೆ, ಜನರನ್ನು ಕೇಳದೆ ಅವರ ಮಾಹಿತಿ ಬಳಸೋ ಕಾಲ ಮುಗಿಯುತ್ತಾ ಬಂತು. ಹಾಗಿರುವಾಗ ಇರೋ ಸ್ವಲ್ಪ ಮಾಹಿತಿಯಲ್ಲಿ ಸರಿಯಾದ ಪ್ರಶ್ನೆ ಕೇಳೋರಿಗೇ ಬೆಲೆ. ನೀನು ಡೈರಿಯಲ್ಲಿ ಮಾಡಿದ್ದೂ ಅದೇ ತಾನೆ, ಜನರನ್ನು ನೇರವಾಗಿ ಕೇಳಿ ಬರೆದುಕೊಂಡೆ.

ಮತ್ತೆ ರೊಟ್ಟಿಗೇ ಬಂದೆ. ಇರಲಿ, ಕೇಳು.

ನಿನಗೆ ಅಡ್ಮಿಷನ್ ಮಾಡಿಸೋಕೆ ಓಡಾಡೋ ಆ ಕನ್ಸಲ್ಟೆನ್ಸಿ ಹುಡುಗ ಒಳ್ಳೆಯವನೇ ಇರಬಹುದು. ಆದರೆ ನಿನ್ನಿಂದ ಒಂದು ರೂಪಾಯಿ ತಗೊಳ್ಳದೆ ಅಷ್ಟು ಓಡಾಡುತ್ತಾನೆ ಅಂದರೆ ಅವನ ದುಡ್ಡು ಎಲ್ಲಿಂದಲೋ ಬರಲೇಬೇಕು. ನೀನು ಸೇರಿದ ಮೇಲೆ ಯೂನಿವರ್ಸಿಟಿ ಅವರಿಗೆ ಕಮಿಷನ್ ಕೊಡುತ್ತದೆ. ಅದು ಗುಟ್ಟೇನಲ್ಲ, ಆ ವ್ಯವಹಾರ ನಡೆಯೋದೇ ಹಾಗೆ. ಅದರಲ್ಲಿ ತಪ್ಪೂ ಇಲ್ಲ. ಆದರೆ ಅವರ ಜೊತೆ ಒಪ್ಪಂದ ಇಲ್ಲದ ಕಾಲೇಜಿನ ಹೆಸರು ಅವನ ಬಾಯಲ್ಲಿ ಬರೋದು ಕಷ್ಟ ಅಲ್ವಾ? ಅವನು ಕೊಟ್ಟ ಪಟ್ಟಿಯಲ್ಲಿ ಇಲ್ಲದ ನಾಲ್ಕು ಕೋರ್ಸನ್ನು ನೀನೇ ಹುಡುಕಿ ಪಕ್ಕಪಕ್ಕ ಇಟ್ಟು ನೋಡು.

ಇನ್ನೊಂದು, ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಬಹುದು ಅಂತ ಅವನು ಹೇಳಿದ್ದಾನೆ. ನಾನು ಬ್ರಿಟನ್ ಸರ್ಕಾರದ ಪುಟದಲ್ಲೇ ನೋಡಿದೆ. ಗ್ರಾಜುಯೇಟ್ ವೀಸಾಕ್ಕೆ 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ 18 ತಿಂಗಳು ಮಾತ್ರ. ನೀನು 2026ರ ಸೆಪ್ಟೆಂಬರ್‌ನಲ್ಲಿ ಸೇರಿದರೆ ಮುಗಿಯೋದೇ 2027ರಲ್ಲಿ, ಅಂದರೆ ನಿನಗೆ ಸಿಗೋದು 18. ಆಮೇಲೆ ಕಂಪನಿ ಸ್ಪಾನ್ಸರ್ ಮಾಡಬೇಕು ಅಂದರೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಇರಬೇಕು, ಹೊಸಬರಿಗೆ 33,400. ಇದನ್ನು ಅವನು ನಿನಗೆ ಹೇಳಿದ್ದನಾ? ಐರ್ಲೆಂಡಿನಲ್ಲಿ ಮಾಸ್ಟರ್ಸ್ ಮುಗಿಸಿದವರಿಗೆ 24 ತಿಂಗಳವರೆಗೆ ಇದೆ, ಮೊದಲು 12, ಕೆಲಸಕ್ಕೆ ಪ್ರಯತ್ನ ಮಾಡುತ್ತಿದ್ದೀವಿ ಅಂತ ತೋರಿಸಿದರೆ ಇನ್ನೊಂದು 12. ಗೂಗಲ್, ಮೆಟಾದ ಯುರೋಪಿನ ದೊಡ್ಡ ಆಫೀಸುಗಳು ಇರೋದೂ ಡಬ್ಲಿನ್ನಿನಲ್ಲೇ. ಅಲ್ಲಿನ ಯೂನಿವರ್ಸಿಟಿಗಳಲ್ಲಿ ಯುಸಿಡಿ ಸ್ಮರ್ಫಿಟ್, ಡಿಸಿಯು ಎರಡರಲ್ಲೂ ಡಿಜಿಟಲ್ ಮಾರ್ಕೆಟಿಂಗ್ ಎಂಎಸ್ಸಿ ಇದೆ, ಅವುಗಳ ವಿಷಯ ಪಟ್ಟಿಯನ್ನೂ ಇದೇ ಕಣ್ಣಿನಿಂದ ಓದು. ಆದರೆ ಡಬ್ಲಿನ್ನಿನಲ್ಲಿ ಮನೆ ಬಾಡಿಗೆ ವಿಪರೀತ, ರೂಮ್ ಸಿಗೋದೇ ಕಷ್ಟ ಅಂತ ಅಲ್ಲಿರೋರೆಲ್ಲ ಹೇಳುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿ.

ಅಮೆರಿಕಾ ಬೇಡ ಅಂತ ನೀನೇ ಬಿಟ್ಟಿದ್ದೀಯ. ಒಂದು ವೇಳೆ ಮತ್ತೆ ಮನಸ್ಸಾದರೆ ಎರಡು ವಿಷಯ ಕೇಳಿಕೊ. ನಿನ್ನದು ಮೂರು ವರ್ಷದ ಬಿಕಾಂ, ಅಲ್ಲಿನ ಕೆಲವು ಯೂನಿವರ್ಸಿಟಿಗಳು ನಾಲ್ಕು ವರ್ಷದ ಡಿಗ್ರಿಯೇ ಬೇಕು ಅನ್ನುತ್ತವೆ. ಮತ್ತೆ ಕೋರ್ಸಿನ ಸಿಐಪಿ ಕೋಡ್, ಅಂದರೆ ಅದು ಯಾವ ವಿಷಯದ ಕೋರ್ಸು ಅಂತ ಗುರುತಿಸೋ ನಂಬರು, ಯಾವುದು ಅಂತ. ಹೆಸರು ಒಂದೇ ಥರ ಇದ್ದರೂ ಒಂದು ಕೋರ್ಸು ವಿಜ್ಞಾನ, ತಂತ್ರಜ್ಞಾನ, ಗಣಿತದ ಸ್ಟೆಮ್ ಪಟ್ಟಿಯಲ್ಲಿ ಇರುತ್ತೆ, ಇನ್ನೊಂದು ಇರಲ್ಲ. ಇದ್ದರೆ ಓಪಿಟಿ, ಅಂದರೆ ಓದಿದ ಮೇಲೆ ಅಲ್ಲೇ ಕೆಲಸ ಮಾಡೋ ಅನುಮತಿ, 12 ತಿಂಗಳ ಮೇಲೆ ಇನ್ನೂ 24 ತಿಂಗಳು ಸಿಗುತ್ತೆ, ಇಲ್ಲದಿದ್ದರೆ 12ಕ್ಕೇ ಮುಗೀತು. ಇಲ್ಲೇ ಇರೋದಾದರೆ ಮಾರ್ಕೆಟಿಂಗ್ ಕಲಿಸೋ ಅಹಮದಾಬಾದಿನ ಮೈಕಾ ಇದೆ, ಅದಕ್ಕೆ ಬೇರೆ ಪರೀಕ್ಷೆ ಬರೆಯಬೇಕು. ಅದನ್ನು ನೀನು ಒಂದು ಸಲವೂ ಪಟ್ಟಿಗೆ ಸೇರಿಸಲಿಲ್ಲ. ನಾನು ಒತ್ತಾಯ ಮಾಡಲ್ಲ, ಯಾಕೆ ಬೇಡ ಅನ್ನೋದನ್ನು ಹೇಳು ಸಾಕು.

ಈಗ ಸಾಲ. ನೀನು ನೋಡಿದ್ದು "ಓದು ಮುಗಿಯೋವರೆಗೆ ಕಂತು ಇಲ್ಲ" ಅನ್ನೋ ಸಾಲು ಮಾತ್ರ. ಕಂತು ಇಲ್ಲ, ಬಡ್ಡಿ ನಡೀತಾ ಇರುತ್ತೆ. 25 ಲಕ್ಷ, ಶೇಕಡಾ 10 ಅಂತ ಹಿಡಿ. ಓದೋ ಒಂದು ವರ್ಷ, ಆಮೇಲೆ ಕೆಲಸ ಹುಡುಕೋಕೆ ಕೊಡೋ ಒಂದು ವರ್ಷ, ಎರಡು ವರ್ಷಕ್ಕೆ ಬಡ್ಡಿಯೇ 5 ಲಕ್ಷ. ಅದನ್ನು ಕಟ್ಟದೆ ಬಿಟ್ಟರೆ 30 ಲಕ್ಷದ ಮೇಲೆ ಹತ್ತು ವರ್ಷದ ಕಂತು ತಿಂಗಳಿಗೆ ಹೆಚ್ಚುಕಮ್ಮಿ 39,600. ಬಡ್ಡಿ ಅಷ್ಟನ್ನಾದರೂ ಆಗಾಗ ಕಟ್ಟಿಕೊಂಡು ಬಂದರೆ 33,000. ಆ ಬಡ್ಡಿ ತಿಂಗಳಿಗೆ 20,800 ಹತ್ತಿರ ಬರುತ್ತೆ, ಅದನ್ನು ನಾನು ಕಟ್ಟುತ್ತೀನಿ, ಆ ಮಾತು ಮುಗೀತು, ಅದರ ಬಗ್ಗೆ ವಾದ ಬೇಡ. ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕು, ಒಂದೇ ಬ್ಯಾಂಕಿಗೆ ಹೋಗಿ ಕೂರಬೇಡ. ಮನೆ ಅಡವಿಡೋಣ ಅಂದೆ. ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಅದರಲ್ಲಿ ಕಾಕಾನ ಪಾಲೂ ಇದೆ, ಆಗೋದಿಲ್ಲ. ಇದನ್ನು ಬರೆಯೋಕೆ ನನಗೆ ಸಂಕಟ ಆಗುತ್ತದೆ. ನಿನ್ನ ಜೊತೆಯವರಿಗೆಲ್ಲ ಅಪ್ಪ ಅಮ್ಮ ಮನೆ ಪತ್ರ ತೆಗೆದು ಕೊಡುತ್ತಾರೆ, ನಮ್ಮ ಹತ್ತಿರ ಕೊಡೋಕೆ ಪತ್ರವೇ ಇಲ್ಲ. ಅದಕ್ಕೇ ಹೇಳೋದು, ಅಡವಿಲ್ಲದೆ ಸಾಲ ಕೊಡೋಕೆ ಬ್ಯಾಂಕುಗಳು ಒಪ್ಪುವ ಕಾಲೇಜುಗಳ ಪಟ್ಟಿ ಇರುತ್ತೆ, ನೀನು ಆರಿಸಿದ್ದು ಅದರಲ್ಲಿ ಇದೆಯಾ ಅಂತ ಮೊದಲು ನೋಡು.

ನನಗೆ ದುಡ್ಡಿನ ಭಯ ಅಂತ ನೀನು ತಿಳಿದಿದ್ದೀಯ. ಅಷ್ಟೇ ಅಲ್ಲ. ಹೋದ ದೀಪಾವಳಿ ಆದ ಮೇಲೆ ಒಬ್ಬರು ಕೌಂಟರಿಗೆ ಬಂದರು, ಬಂಗಾರದ ಸಾಲಕ್ಕೆ. ಮಗ ಹೊರದೇಶದಲ್ಲಿ ಓದು ಮುಗಿಸಿದ್ದಾನೆ, ಕೆಲಸ ಸಿಕ್ಕಿಲ್ಲ, ಬಾಡಿಗೆಗೆ ಕಳಿಸಬೇಕು. ಹೆಂಡತಿಯ ಉಂಗುರ ತಂದಿದ್ದರು. ಬೆರಳಿಗೆ ಸಡಿಲ ಆಗುತ್ತೆ ಅಂತ ಆಯಮ್ಮ ಅದರ ಹಿಂದೆ ದಾರ ಸುತ್ತಿಕೊಂಡಿದ್ದರು, ಎಣ್ಣೆ ಹಿಡಿದು ಕಪ್ಪಾದ ದಾರ. ತೂಕ ಹಾಕೋ ಮೊದಲು ನಮ್ಮ ಪತ್ತಾರರು ಆ ದಾರ ಕತ್ತರಿಸಿ ತೆಗೆದರು. ಸಾಲಕ್ಕೆ ಬಂದವರು ಅದನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ "ಮಗನಿಗೆ ಇದು ಗೊತ್ತಿಲ್ಲರಿ, ಅವನು ನಮಗೆ ಚೆನ್ನಾಗಿದ್ದೀನಿ ಅಂತಾನೇ ಹೇಳ್ತಾನ" ಅಂದರು. ನನಗೆ ಭಯ ಇರೋದು ಇದೇ. ನೀನು ಅಲ್ಲಿಂದ ಚೆನ್ನಾಗಿದ್ದೀನಿ ಅನ್ನೋದು, ನಾವು ಇಲ್ಲಿಂದ ಚೆನ್ನಾಗಿದ್ದೀವಿ ಅನ್ನೋದು. ಕೆಲಸ ಸಿಗದಿದ್ದರೆ ಬಾ, ಸಾಲ ಇಲ್ಲಿಂದಲೂ ತೀರುತ್ತೆ. ಸುಳ್ಳು ಮಾತ್ರ ಹೇಳಬೇಡ. ನಾನೂ ಹೇಳಲ್ಲ.

ಕೊನೆಗೆ ಆ ಎಸ್‌ಒಪಿ, ಈ ಕೋರ್ಸು ನಿನಗೆ ಯಾಕೆ ಬೇಕು ಅಂತ ಯೂನಿವರ್ಸಿಟಿಗೆ ಬರೆಯೋ ಪತ್ರ. ನೀನು ಕಳಿಸಿದ ಪಿಡಿಎಫ್ ಓದಿದೆ, ಕನ್ಸಲ್ಟೆನ್ಸಿಯವರೇ ಬರೆದುಕೊಟ್ಟದ್ದು. ಚಿಕ್ಕವಳಿದ್ದಾಗಿನಿಂದ ನಿನಗೆ ಡಿಜಿಟಲ್ ಲೋಕದ ಮೇಲೆ ಅಪಾರ ಆಸಕ್ತಿ ಅಂತೆ. ಚಿಕ್ಕವಳಿದ್ದಾಗ ನಿನಗೆ ಆಸಕ್ತಿ ಇದ್ದಿದ್ದು ಕಸೂತಿಯಲ್ಲಿ. ಎರಡು ಪುಟ ಓದಿದರೂ ನನ್ನ ಮಗಳು ಎಲ್ಲೂ ಸಿಗಲಿಲ್ಲ. ಆ ಪತ್ರಕ್ಕೆ ಯಾರ ಹೆಸರು ಹಾಕಿದರೂ ನಡೆಯುತ್ತೆ. ಅದೇ ಆಫೀಸಿನಿಂದ ಇನ್ನೆಷ್ಟು ಹುಡುಗ ಹುಡುಗಿಯರು ಅದನ್ನೇ ಕಳಿಸಿರುತ್ತಾರೋ. ಅದನ್ನು ಬಿಸಾಕು. ಡೈರಿಯ ಬಗ್ಗೆ ಬರೆ. "ಶೇಂಗಾ", "ಗುರೆಳ್ಳು" ಬರೆ, ಬೆಳಗಾವಿಯಲ್ಲಿ ನಿಲ್ಲಿಸಿದ್ದು ಬರೆ, "ಮು" ಅಂತ ಯಾಕೆ ಗುರುತು ಹಾಕಿದೆ ಅಂತ ಬರೆ. ಇಂಗ್ಲೆಂಡಿನವರಿಗೆ ರೊಟ್ಟಿ ಗೊತ್ತಿರಲ್ಲ ಅಂತ ನಾಚಿಕೊಳ್ಳಬೇಡ, ರೊಟ್ಟಿ ಅಂದರೆ ಏನು ಅಂತ ಒಂದು ಸಾಲು ಸೇರಿಸು. ಅವತ್ತು ಎಲ್ಲಿ ಎಡವಿದೆ, ಯಾವ ಲೆಕ್ಕ ನಿನಗೆ ಬರುತ್ತಿರಲಿಲ್ಲ, ಅದನ್ನು ಈ ಕೋರ್ಸಿನ ಯಾವ ವಿಷಯದಲ್ಲಿ ಕಲಿಯಬೇಕು ಅಂತ ಹೆಸರು ಹಿಡಿದು ಬರೆ. ಹಾಗೆ ಬರೆಯೋಕೆ ಕೂತಾಗ ಆ ಕೋರ್ಸಿನಲ್ಲಿ ಅಂಥ ವಿಷಯವೇ ಸಿಗದಿದ್ದರೆ, ನಾನು ಭಾನುವಾರ ಕೇಳಿದ್ದಕ್ಕೆ ಉತ್ತರ ನಿನಗೇ ಸಿಕ್ಕಿದ ಹಾಗೆ. ಡೈರಿ ನನ್ನ ಟ್ರಂಕಿನಲ್ಲಿದೆ. ಪುಟಗಳ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತೀನಿ.

ಶಿಫಾರಸು ಪತ್ರ ದೊಡ್ಡ ಬಾಸ್ ಹತ್ತಿರ ಬೇಡ, ಅವರಿಗೆ ನಿನ್ನ ಹೆಸರೇ ಸರಿಯಾಗಿ ಗೊತ್ತಿಲ್ಲ ಅಂತ ನೀನೇ ಹೇಳಿದ್ದೆ. ನಿನ್ನ ಜೊತೆ ದಿನಾ ಕೆಲಸ ಮಾಡೋ ಟೀಮ್ ಲೀಡ್ ಬರೆದರೆ ಸಾಕು. ಅಂಕಗಳ ಟ್ರಾನ್ಸ್‌ಕ್ರಿಪ್ಟಿಗೆ ನೀನು ರಜೆ ಹಾಕಿ ಧಾರವಾಡಕ್ಕೆ ಬರೋದು ಬೇಡ. ನಾನೇ ಪಾವಟೆ ನಗರಕ್ಕೆ ಹೋಗಿ ಯೂನಿವರ್ಸಿಟಿಯಲ್ಲಿ ವಿಚಾರಿಸುತ್ತೀನಿ, ಆರು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಮನೆಯಲ್ಲೇ ಇವೆ. ನೀನು ಒಂದು ಅಧಿಕಾರ ಪತ್ರ ಸಹಿ ಮಾಡಿ, ಆಧಾರ್ ಪ್ರತಿ ಜೊತೆ ಕೊರಿಯರ್ ಮಾಡು. ಇಂಥದ್ದಕ್ಕೆ ದಿನ ಹಿಡಿಯುತ್ತೆ, ತಡ ಮಾಡಬೇಡ.

ಡಿಪಾಸಿಟ್ ಕಟ್ಟಬೇಡ ಅಂತ ನಾನು ಹೇಳುತ್ತಿಲ್ಲ. ಆ ಅಡ್ಮಿಷನ್ ಆಫೀಸಿಗೆ ನೀನೇ ನೇರ ಮೇಲ್ ಮಾಡು, ಕನ್ಸಲ್ಟೆನ್ಸಿ ಮೂಲಕ ಬೇಡ. ಕಡ್ಡಾಯ ವಿಷಯಗಳಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಷ್ಟಿದೆ, ಹೋದ ವರ್ಷ ಓದಿದ ಇಬ್ಬರು ಭಾರತದ ವಿದ್ಯಾರ್ಥಿಗಳ ಜೊತೆ ಮಾತಾಡಿಸುತ್ತೀರಾ, ಕೊನೆಯ ದಿನವನ್ನು ಎರಡು ವಾರ ಮುಂದಕ್ಕೆ ಹಾಕುತ್ತೀರಾ, ವೀಸಾ ಸಿಗದಿದ್ದರೆ ಡಿಪಾಸಿಟ್ ವಾಪಸ್ ಬರುತ್ತಾ. ಕೇಳಿದರೆ ಏನೂ ಕಳೆದುಹೋಗಲ್ಲ. ಉತ್ತರ ನೋಡಿ ಇದೇ ಕೋರ್ಸು ಒಳ್ಳೆಯದು ಅಂತ ನಿನಗೆ ಅನ್ನಿಸಿದರೆ ನನಗೆ ಹೇಳು, ಡಿಪಾಸಿಟ್ ದುಡ್ಡು ಅದೇ ದಿನ ನಿನ್ನ ಅಕೌಂಟಿಗೆ ಬರುತ್ತೆ. ನನ್ನ ಆರ್‌ಡಿ ಮುರಿಯೋಕೆ ಅರ್ಜಿ ಬರೆದು ಇಟ್ಟಿದ್ದೀನಿ, ತಾರೀಖು ಒಂದು ಹಾಕಿಲ್ಲ.

ಅಪ್ಪನಿಗೆ 25 ಲಕ್ಷ ಅನ್ನೋದು ಇನ್ನೂ ಗೊತ್ತಿಲ್ಲ. ಹದಿನೈದರ ಒಳಗೆ ಆಗುತ್ತೆ ಅಂದುಕೊಂಡಿದ್ದಾರೆ. ಅದನ್ನು ನಾನು ಹೇಳೋದಕ್ಕಿಂತ ನೀನು ಹೇಳಿದರೆ ಒಳ್ಳೆಯದು. ರಾತ್ರಿ ಒಂಬತ್ತರ ಮೇಲೆ ಮಾಡು, ಊಟ ಆಗಿರುತ್ತೆ. ಕೋರ್ಸಿನ ಹೆಸರಿನಿಂದ ಶುರು ಮಾಡಬೇಡ, ಏನು ಕಲಿಯುತ್ತೀಯ ಅಂತ ಮೊದಲು ಹೇಳು. ದುಡ್ಡಿನ ಮಾತು ಬಂದಾಗ ಫೋನ್ ನನಗೆ ಕೊಡೋಕೆ ಹೇಳು, ನಾನು ಪಕ್ಕದಲ್ಲೇ ಇರುತ್ತೀನಿ.

ನಿನ್ನ ಅವ್ವ